ತಾಲೀಮಿನ ನೆನಪು, ಲೀಗಿನ ಲೆಕ್ಕ: ಕೊಲ್ಹಾಪುರದ ಫುಟ್‌ಬಾಲ್ ಮತ್ತು ದಾಖಲೆಯ ಪ್ರಶ್ನೆ

ಇಂಗ್ಲೆಂಡಿನ ಫುಟ್‌ಬಾಲ್ ಇತಿಹಾಸ ಅಂಕಿಗಳಲ್ಲಿ ಮಾತಾಡುತ್ತದೆ. ಎವರ್ಟನ್ ತಂಡದ ಡಿಕ್ಸಿ ಡೀನ್ 1927–28ರ ಒಂದೇ ಋತುವಿನಲ್ಲಿ ಹೊಡೆದ 60 ಲೀಗ್ ಗೋಲು, ಗೋಲ್‌ಕೀಪರ್ ಪೀಟರ್ ಶಿಲ್ಟನ್ ಆಡಿದ 1005 ಲೀಗ್ ಪಂದ್ಯ, ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 1986ರಿಂದ 2013ರವರೆಗೆ ನಡೆಸಿದ ಅಲೆಕ್ಸ್ ಫರ್ಗ್ಯುಸನ್ನರ 13 ಲೀಗ್ ಪ್ರಶಸ್ತಿ, ಇವೆಲ್ಲ ಅಲ್ಲಿಯ ಅಭಿಮಾನಿಗೆ ಮಗ್ಗಿಯಂತೆ ಬಾಯಿಪಾಠ. ಕೊಲ್ಹಾಪುರದಲ್ಲಿಯೂ ಈ ಆಟದ ಹುಚ್ಚು ಕಡಿಮೆಯದಲ್ಲ. ಆದರೆ ಅಲ್ಲಿ ಮಾತು ಶುರುವಾಗುವುದು ಪೇಠೆಯಿಂದ, ತಾಲೀಮಿನಿಂದ, ಅಂದರೆ ನಮ್ಮ ಗರಡಿಮನೆಯಿಂದ: ಪಾಟಾಕಡೀಲ, ಖಂಡೋಬಾ, ದಿಲಬಹಾರ, ಬಾಲಗೋಪಾಲ, ಶಿವಾಜಿ ತರುಣ ಮಂಡಳ. ಆಟಗಾರನ ಹೆಸರು ಇವುಗಳ ಬೆನ್ನಿಗೆ ಬರುತ್ತದೆ, ಅವನ ಗೋಲುಗಳ ಮೊತ್ತ ಬರುವುದು ಅಪರೂಪ. ಈ ವ್ಯತ್ಯಾಸಕ್ಕೆ ಆಟದ ಮಟ್ಟವೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ನನ್ನ ವಾದ ಬೇರೆ: ದಾಖಲೆಯನ್ನು ಹುಟ್ಟಿಸುವುದು ಆಟಗಾರನ ಕಾಲಲ್ಲ, ಪಂದ್ಯಗಳನ್ನು ವರ್ಷವರ್ಷವೂ ಒಂದೇ ಚೌಕಟ್ಟಿನಲ್ಲಿ ನಡೆಸಿ ಬರೆದಿಡುವ ಸಂಸ್ಥೆ.

ಇದಕ್ಕೆ ಇಂಗ್ಲೆಂಡೇ ಸಾಕ್ಷಿ. 1888ರಲ್ಲಿ 12 ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದಾಗ ಮಾಡಿಕೊಂಡ ಕರಾರು ಸರಳವಾದದ್ದು: ಪ್ರತಿ ತಂಡ ಉಳಿದ ಪ್ರತಿ ತಂಡದೊಂದಿಗೆ ಎರಡು ಸಲ ಆಡಬೇಕು, ಒಮ್ಮೆ ತನ್ನ ಮೈದಾನದಲ್ಲಿ, ಒಮ್ಮೆ ಎದುರಾಳಿಯದರಲ್ಲಿ. ಆ ಮೊದಲ ಋತುವಿನಲ್ಲೇ ಪ್ರೆಸ್ಟನ್ ನಾರ್ತ್ ಎಂಡ್ 22 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 2003–04ರಲ್ಲಿ ಆರ್ಸೆನಲ್ 38 ಪಂದ್ಯಗಳಲ್ಲಿ 26 ಗೆದ್ದು 12 ಸಮ ಮಾಡಿಕೊಂಡಾಗ ಎಲ್ಲರಿಗೂ ಪ್ರೆಸ್ಟನ್ ನೆನಪಾಯಿತು. ಶತಮಾನ ದಾಟಿದ ಮೇಲೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬಂದದ್ದು ಆ ಕರಾರು ಕದಲದೆ ಉಳಿದುದರಿಂದ. ಹಾಗೆಂದು ಅಂಕಿಯನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲಾಯಿತು. ಮುನ್ನಡೆಯ ಆಟಗಾರನ ಮುಂದೆ ಮೂವರು ಎದುರಾಳಿಗಳಿರಬೇಕಾಗಿದ್ದ ಕಡೆ ಇಬ್ಬರು ಸಾಕೆಂದಾಯಿತು. 1926–27ರಲ್ಲಿ ಎರಡನೇ ದರ್ಜೆಯಲ್ಲಿ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ 59 ಗೋಲು ಹೊಡೆದ, ಮರುವರ್ಷ ಡೀನ್ 60. ಡೀನನ ಪ್ರತಿಭೆ ಇದರಿಂದ ಕುಂದುವುದಿಲ್ಲ, ಆದರೆ ಆ 60ರೊಳಗೆ ಒಂದು ನಿಯಮದ ತಿದ್ದುಪಡಿಯೂ ಅಡಗಿದೆ.

ಕೊಲ್ಹಾಪುರದ ಬೇರು ಬೇರೆ ಮಣ್ಣಿನಲ್ಲಿದೆ, ಅಕ್ಷರಶಃ ಕುಸ್ತಿಯ ಕೆಮ್ಮಣ್ಣಿನಲ್ಲಿ. ಶಾಹೂ ಮಹಾರಾಜರ (ಆಳ್ವಿಕೆ 1894–1922) ಆಶ್ರಯದಲ್ಲಿ ಬೆಳೆದ ತಾಲೀಮುಗಳು ಒಂದೊಂದು ಪೇಠೆಯ ಮಾನದ ಮನೆಗಳಾಗಿದ್ದವು. ಫುಟ್‌ಬಾಲ್ ಬಂದಾಗ ಅದಕ್ಕೆ ಹೊಸ ಕ್ಲಬ್ಬು ಹುಡುಕಬೇಕಾಗಲಿಲ್ಲ, ತಾಲೀಮೇ ತಂಡವಾಯಿತು. ಆಸ್ಟನ್ ವಿಲ್ಲಾ ಒಂದು ಪ್ರಾರ್ಥನಾಮಂದಿರದ ಹುಡುಗರಿಂದ, ಆರ್ಸೆನಲ್ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರಿಂದ ಹುಟ್ಟಿದ್ದನ್ನು ನೆನೆದರೆ ಇದು ವಿಚಿತ್ರವೇನಲ್ಲ. ವಿಚಿತ್ರವೆಂದರೆ ತಾಲೀಮು ತನ್ನ ನೆನಪಿನ ರೀತಿಯನ್ನೂ ಆಟಕ್ಕೆ ದಾಟಿಸಿದ್ದು. ಕುಸ್ತಿಯಲ್ಲಿ ಪೈಲವಾನನ ಹೆಸರಿನೊಂದಿಗೆ ಅವನ ವಸ್ತಾದ, ಅವನ ತಾಲೀಮು, ಅವನು ಚಿತ್ ಮಾಡಿದ ಎದುರಾಳಿ ನೆನಪಾಗುತ್ತಾರೆ. ಒಟ್ಟು ಎಷ್ಟು ಕುಸ್ತಿ ಗೆದ್ದನೆಂದು ಯಾರೂ ಎಣಿಸುವುದಿಲ್ಲ. 1940ರಲ್ಲಿ ರಾಜಮನೆತನದ ಆಶ್ರಯದಲ್ಲಿ ಹುಟ್ಟಿದ ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ ಆಟಕ್ಕೆ ಲೀಗಿನ ಚೌಕಟ್ಟು ಕೊಟ್ಟಿತು. ಆದರೂ ಶಾಹೂ ಸ್ಟೇಡಿಯಮ್ಮಿನ ಕಟ್ಟೆ ತುಂಬುವುದು ಎರಡು ಪೇಠೆಗಳು ಮುಖಾಮುಖಿಯಾದ ದಿನ. ಹಿರಣ್ಯಕೇಶಿ ದಂಡೆಯ ಗಡಹಿಂಗ್ಲಜ್‌ನಂಥ ಸಣ್ಣ ಊರಿನಲ್ಲೂ ಈ ಆಟ ಬೇರುಬಿಟ್ಟಿದೆ. ಕನ್ನಡ, ಮರಾಠಿ ಎರಡೂ ಆಡುವ ಈ ಗಡಿಸೀಮೆಯ ಕ್ರೀಡಾಚರಿತ್ರೆ ಎರಡೂ ಭಾಷೆಗಳ ಗ್ರಂಥಾಲಯಗಳಲ್ಲಿ ಅಂಚಿಗೆ ಬಿದ್ದಿದೆ.

ಸ್ಥಳೀಯ ಪಂದ್ಯಗಳ ಲೆಕ್ಕವಿಟ್ಟು ಪ್ರಯೋಜನವೇನು, ಅದು ಮೊದಲ ದರ್ಜೆಯ ಆಟವಲ್ಲವಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ಉತ್ತರವೂ ಇಂಗ್ಲೆಂಡಿನಲ್ಲೇ ಇದೆ. ಅಲ್ಲಿ ಒಂದು ಲೀಗ್ ಪಂದ್ಯದಲ್ಲಿ ಒಬ್ಬನೇ ಹೊಡೆದ ಗರಿಷ್ಠ ಗೋಲುಗಳ ದಾಖಲೆ ಮೂರನೇ ದರ್ಜೆಯದು: 1936ರ ಏಪ್ರಿಲ್ 13ರಂದು ಬ್ರಿಸ್ಟಲ್ ರೋವರ್ಸ್ ವಿರುದ್ಧ ಲೂಟನ್ ಟೌನ್‌ನ ಜೋ ಪೇನ್ 10 ಗೋಲು ಹೊಡೆದ. ಕೆಳದರ್ಜೆಯೆಂದು ಯಾರೂ ಅದನ್ನು ಅಳಿಸಲಿಲ್ಲ. ನಮ್ಮವರದ್ದೇ ನಿದರ್ಶನ ಬೇಕೆಂದರೆ ಬೆಂಗಳೂರಿನ ಸಾರಂಗಪಾಣಿ ರಾಮನ್ ಇದ್ದಾರೆ. 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1–2ರಲ್ಲಿ ಭಾರತ ಸೋತ ಪಂದ್ಯದ ಆ ಒಂದು ಗೋಲು ಅವರದು. ಅದು ಇಂದಿಗೂ ಉಳಿದಿರುವುದು ಒಲಿಂಪಿಕ್ಸ್ ಸಂಸ್ಥೆ ಬರೆದಿಟ್ಟುದರಿಂದ.

ಇನ್ನೊಂದು ಆಕ್ಷೇಪ ಹೆಚ್ಚು ಆಳದ್ದು: ಸಾಮೂಹಿಕ ನೆನಪನ್ನು ವ್ಯಕ್ತಿಯ ಅಂಕಿಗಳಾಗಿ ಒಡೆದರೆ ತಾಲೀಮಿನ ಸತ್ವವೇ ಕೆಡುವುದಿಲ್ಲವೇ? ಈ ಭಯದಲ್ಲಿ ನಿಜವಿದೆ. ಆದರೆ ಬರೀ ಪೇಠೆಯ ನೆನಪು ಗೆದ್ದವರನ್ನು ಉಳಿಸಿಕೊಂಡು ಸೋತವರನ್ನು ಬಿಟ್ಟುಬಿಡುತ್ತದೆ. ಲೀಗಿನ ಪಟ್ಟಿಯಲ್ಲಿ ಕಡೆಯ ಸ್ಥಾನದ ತಂಡಕ್ಕೂ ಒಂದು ಸಾಲಿರುತ್ತದೆ. ಕೊಲ್ಹಾಪುರದ ಅನಿಕೇತ್ ಜಾಧವ್ 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತ ತಂಡದಲ್ಲಿದ್ದ. ಅವನು ಮೈದಾನದಲ್ಲಿದ್ದ ಪ್ರತಿ ನಿಮಿಷಕ್ಕೂ ಅಲ್ಲಿ ಲೆಕ್ಕವಿದೆ. ಅವನಿಗಿಂತ ಮೊದಲು ತಾಲೀಮುಗಳಿಗೆ ಆಡಿದವರ ಲೆಕ್ಕ ಹುಡುಕಬೇಕಾದದ್ದು ಮಂಡಳಗಳ ಕಪಾಟಿನ ಕಪ್ಪುಗಳ ಮೇಲಿನ ಬರಹದಲ್ಲಿ, ಪಂದ್ಯಾವಳಿಗಳ ಕರಪತ್ರಗಳಲ್ಲಿ, ‘ಪುಢಾರಿ’ಯಂಥ ಊರಿನ ಪತ್ರಿಕೆಗಳ ಹಳೆಯ ಕ್ರೀಡಾಪುಟಗಳಲ್ಲಿ. ಮೊದಲು ಮಾಡಬೇಕಾದದ್ದು 1940ರಿಂದೀಚೆಗಿನ ಪಂದ್ಯಗಳ ಪಟ್ಟಿ: ದಿನಾಂಕ, ಎದುರಾಳಿ, ಫಲಿತಾಂಶ, ಗೋಲು ಹೊಡೆದವನ ಪೂರ್ಣ ಹೆಸರು, ಅವನ ಪಕ್ಕದಲ್ಲೇ ಅವನ ವಸ್ತಾದನ ಹೆಸರು.