ಕೋವಿಯ ಬಾಯಿಗೆ ತೊಡಿಸಿದ್ದು

ಕೋವಿಯ ಚರಿತ್ರೆ ಬರೆಯುವವರು ಮದ್ದು, ಗುಂಡು, ಕುದುರೆಗಳ ಬಗ್ಗೆ ಧಾರಾಳವಾಗಿ ಬರೆಯುತ್ತಾರೆ. ನಳಿಕೆಯ ಬಾಯಿಯ ಬಗ್ಗೆ ಬರೆಯುವವರು ವಿರಳ. ಕಡಬದ ನನ್ನ ಹಳೆಯ ಶಿಷ್ಯನೊಬ್ಬನ ಮಗ ಎನ್.ಸಿ.ಸಿ. ಸೇರಿದ್ದಾನೆ. "ಮೇಷ್ಟ್ರೇ, ಹಳೆಯ ತ್ರೀನಾಟ್‌ತ್ರೀ ಕೋವಿಯ ಬಾಯಿ ಬರಿದಾಗಿದೆ, ಸೈನಿಕರ ಇನ್ಸಾಸ್ ರೈಫಲ್ಲಿಗೆ ಸೀಳುಗಳಿರುವ ಕೊಳವೆ ತೊಡಿಸಿದ್ದಾರಲ್ಲ, ಯಾಕೆ?" ಎಂದು ಕೇಳಿದ. ಪ್ರಶ್ನೆ ಚಿಕ್ಕದು, ಅದರ ಹಿಂದಿನ ಕಥೆ ಮುನ್ನೂರು ವರ್ಷಗಳಿಗೂ ಹಿಂದಿನದು.

ಕೋವಿಯ ಬಾಯಿಗೆ ಮನುಷ್ಯ ಮೊದಲು ಸಿಕ್ಕಿಸಿದ್ದು ಚೂರಿಯನ್ನು. ಹದಿನೇಳನೆಯ ಶತಮಾನದ ಬಯೊನೆಟ್ಟಿನ ಹಿಡಿಯನ್ನು ನಳಿಕೆಯ ಒಳಕ್ಕೇ ಬಿರಡೆಯಂತೆ ತುರುಕುತ್ತಿದ್ದರು. ತುರುಕಿದ ಮೇಲೆ ಗುಂಡು ಹಾರಿಸುವಂತಿಲ್ಲ. ಗುಂಡು ಹಾರಿಸುವಾಗ ಚೂರಿಯಿಲ್ಲ. 1689ರ ಜುಲೈ 27ರಂದು ಸ್ಕಾಟ್ಲೆಂಡಿನ ಕಿಲ್ಲಿಕ್ರ್ಯಾಂಕಿಯಲ್ಲಿ ಜನರಲ್ ಮೆಕೇಯ ಸೈನಿಕರು ಕೋವಿ ಹಾರಿಸಿ, ಬಯೊನೆಟ್ ಸಿಕ್ಕಿಸುವಷ್ಟರಲ್ಲಿ ಬೆಟ್ಟದ ಜನ ಕತ್ತಿ ಹಿರಿದು ಮೈಮೇಲೆ ಬಿದ್ದರು. ಆ ಕೆಲವೇ ಕ್ಷಣಗಳ ಬೆಲೆ ನೂರಾರು ಪ್ರಾಣ. ಮುಂದೆ ನಳಿಕೆಯ ಹೊರಮೈಗೆ ಬಳೆಯಂತೆ ತೊಡಿಸುವ ಬಯೊನೆಟ್ ಬಂತು. ಬಾಯಿ ತೆರೆದೇ ಉಳಿಯಿತು.

ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಕಂಚಿನ ಫಿರಂಗಿಗಳ ಬಾಯಿಯನ್ನು ಹುಲಿಮುಖವಾಗಿ ರೂಪಿಸಿದರು. 1799ರ ಮೇ 4ರಂದು ಕೋಟೆ ಬಿದ್ದ ಬಳಿಕ ಅಂಥ ಕೆಲವು ಫಿರಂಗಿಗಳು ಬ್ರಿಟನ್ನಿಗೆ ಸಾಗಿಹೋದವು. ಆ ಹುಲಿಮುಖ ವೈರಿಯನ್ನು ಹೆದರಿಸಲು, ಒಡೆಯನ ಗುರುತು ಸಾರಲು. ಗುಂಡಿನ ಗತಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಸಂಬಂಧ ಬಿಗಿಯಾದದ್ದು ಎರಡನೆಯ ಮಹಾಯುದ್ಧದಲ್ಲಿ. ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯನವರು ಅರಾಕಾನಿನಲ್ಲಿ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ನಡೆಸಿದಂಥ ಬರ್ಮಾದ ಕಾಡುಗಳಲ್ಲಿ ಉದ್ದನೆಯ ತ್ರೀನಾಟ್‌ತ್ರೀ ಗಿಡಬಳ್ಳಿಗೆ ತೊಡಕುತ್ತಿತ್ತು. 1944ರಲ್ಲಿ ಬ್ರಿಟಿಷರು ಸುಮಾರು 5 ಅಂಗುಲ ಗಿಡ್ಡದಾದ, ಒಂದು ಕಿಲೋದಷ್ಟು ಹಗುರವಾದ ಕೋವಿ ತಯಾರಿಸಿದರು. ಅದಕ್ಕೆ 'ಜಂಗಲ್ ಕಾರ್ಬೈನ್' ಎಂಬ ಹೆಸರು ನಿಂತಿತು. ನಳಿಕೆ ಗಿಡ್ಡವಾದಂತೆ ಬಾಯಿಯ ಬೆಂಕಿ ಹೆಚ್ಚು. ಇರುಳಿನಲ್ಲಿ ಆ ಬೆಳಕು ಹಾರಿಸಿದವನ ಕಣ್ಣು ಕೋರೈಸುತ್ತದೆ, ಅವನಿರುವ ಜಾಗವನ್ನೂ ಬಯಲು ಮಾಡುತ್ತದೆ. ಆದ್ದರಿಂದ ಬಾಯಿಗೆ ಆಲಿಕೆಯಾಕಾರದ ಲೋಹದ ತುದಿಯೊಂದನ್ನು ಕೂಡಿಸಿದರು. ಗುರಿಯ ಮುಂಗಣ್ಣೂ ಬಯೊನೆಟ್ಟಿನ ಕೊಂಡಿಯೂ ಆ ತುದಿಯ ಮೇಲೆಯೇ. ಒಂದೇ ತುಂಡು ಮೂರು ಕೆಲಸ ಹೊತ್ತಿತು. ಅದು ಓರೆಯಾದರೆ ಗುರಿಯೂ ಓರೆ.

ಈ ಕೋವಿಯ ಗುರಿ ಒಂದೆಡೆ ನಿಲ್ಲದೆ ಸರಿಯುತ್ತದೆಂಬ ದೂರು ಬಂತು. ಹಗುರ ಮಾಡಲು ಮೈ ಕೊರೆದದ್ದೇ ಕಾರಣವೆಂದು ಕೆಲವರು, ಬೇರೆ ಕಾರಣಗಳನ್ನು ಇನ್ನು ಕೆಲವರು ಹೇಳಿದರು. ವಾದ ಇಂದಿಗೂ ಮುಗಿದಿಲ್ಲ. 1947ರಲ್ಲಿ ತಯಾರಿಕೆಯೇ ನಿಂತಿತು.

ಬಾಯಿಯ ತುದಿ ನೆಟ್ಟಗಿರಬೇಕೆನ್ನಲು ಕಾರಣ ಸರಳ. ಗುಂಡು ನಳಿಕೆಯನ್ನು ಬಿಡುವ ಕ್ಷಣದಲ್ಲಿ ಹಿಂದಿನಿಂದ ಅನಿಲ ಒತ್ತಿ ಬರುತ್ತದೆ. ಅದು ಸುತ್ತಲೂ ಸಮವಾಗಿ ಹೊರಬಿದ್ದರೆ ಗುಂಡು ನೇರ ಹೋಗುತ್ತದೆ; ಒಂದು ಬದಿಗೆ ಹೆಚ್ಚಾದರೆ ಓಲಾಡುತ್ತದೆ. ತೊಡಿಸಿದ ಕೊಳವೆ ತೀರ ಓರೆಯಾದರೆ ಗುಂಡು ಅದಕ್ಕೇ ತಾಕುತ್ತದೆ. ಹಾಗಾಗಿ ತಜ್ಞರು ನಳಿಕೆಯೊಳಗೆ ನೆಟ್ಟನೆಯ ಸಲಾಕೆ ಇಳಿಸಿ, ಅದು ಕೊಳವೆಯ ನಡುಮಧ್ಯದಲ್ಲೇ ಹೊರಬರುವುದೋ ಎಂದು ನೋಡುತ್ತಾರೆ. ನಮ್ಮ ರೈತರಿಗೆ ಇದನ್ನು ವಿವರಿಸಬೇಕಿಲ್ಲ: ಗುಳ ಓರೆಯಾಗಿ ಕೂತರೆ ಎತ್ತು ಎಷ್ಟು ಗಟ್ಟಿಯಾಗಿದ್ದರೂ ಸಾಲು ನೆಟ್ಟಗೆ ಬಾರದು.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಸೀಳುಗಳು ಬೆಂಕಿಯನ್ನು ಚದುರಿಸುವುದಕ್ಕೆ, ಬೆಂಕಿ ಚದುರುವುದು ಸೈನಿಕನ ಜೀವ ಉಳಿಯುವುದಕ್ಕೆ. ಹೊಸದಾಗಿ ಏನನ್ನು ತೊಡಿಸಿದರೂ ಅದು ಮೂಲದ ನೇರಕ್ಕೆ ಹೊಂದಬೇಕು. ಹೊಂದದಿದ್ದಾಗ ಅದರ ಬೆಲೆ ತೆತ್ತವರು ಅದನ್ನು ರೂಪಿಸಿದವರಲ್ಲ, ಕೈಯಲ್ಲಿ ಹಿಡಿದು ಮುಂದೆ ನಿಂತ ಸಾಮಾನ್ಯ ಸಿಪಾಯಿಗಳು. ಚರಿತ್ರೆಯ ಪುಸ್ತಕಗಳಲ್ಲಿ ಅವರ ಹೆಸರುಗಳಿಲ್ಲ.