ಎನ್95 ಮಾಸ್ಕ್ ಒಗೆದು ಹಾಕಬಹುದಾ? ಬಟ್ಟೆಯೊಳಗಿನ ಚಾರ್ಜ್ ಹೇಳುವ ಉತ್ತರ

ಟೈಲ್ಸ್, ಮಾರ್ಬಲ್, ಕಾಂಕ್ರೀಟ್ ಕತ್ತರಿಸುವ ಸೈಟುಗಳಲ್ಲಿ ಎನ್95 ಇಲ್ಲವೇ ಎಫ್‌ಎಫ್‌ಪಿ2 ಮಾಸ್ಕ್ ಸಾಮಾನ್ಯ. ಸಂಜೆ ರೂಮಿಗೆ ಬಂದು ಅದನ್ನು ಸೋಪಿನ ನೀರಲ್ಲಿ ಒಗೆದು, ಮರುದಿನ ಮತ್ತೆ ಹಾಕಿಕೊಳ್ಳುವವರೂ ಇದ್ದಾರೆ. ನೋಡೋಕೆ ಮಾಸ್ಕ್ ಕ್ಲೀನ್ ಆಗಿರುತ್ತೆ. ಆದರೆ ಸಣ್ಣ ಧೂಳು ಹಿಡಿಯುವ ಅದರ ಶಕ್ತಿ ಸೋಪಿನ ಜೊತೆಗೇ ಹೋಗಿರುತ್ತೆ.

ಹೇಗೆ ಕೆಲಸ ಮಾಡುತ್ತೆ?

ಈ ಮಾಸ್ಕಿನ ನಡುವಿನ ಪದರ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಕರಗಿಸಿದ ಪ್ಲಾಸ್ಟಿಕ್ಕನ್ನು ಬಿಸಿಗಾಳಿಯ ರಭಸಕ್ಕೆ ಒಡ್ಡಿ ಕೆಲವೇ ಮೈಕ್ರಾನ್ ದಪ್ಪದ ಎಳೆಗಳನ್ನು ಮಾಡ್ತಾರೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತೆ ಅಂದ್ರೆ ಲೆಕ್ಕ ಹಾಕಿ.

ಜರಡಿಯ ಹಾಗೆ ಬರೀ ತೂತಿನ ಗಾತ್ರದಿಂದ ಧೂಳು ತಡೆಯಬೇಕಾದರೆ ಎಳೆಗಳನ್ನು ಒತ್ತೊತ್ತಾಗಿ ಹಾಕಬೇಕು. ಆಗ ಉಸಿರಾಡೋದೇ ಕಷ್ಟ. ಅದಕ್ಕೇ ಬಟ್ಟೆಯನ್ನು ಹೆಚ್ಚು ವೋಲ್ಟೇಜಿನ ಕೆಳಗೆ ಹಾಯಿಸಿ ಎಳೆಗಳಿಗೆ ಚಾರ್ಜ್ ತುಂಬುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟ್ ಹರಿಯದ ಕಾರಣ ಚಾರ್ಜ್ ಅಲ್ಲೇ ಉಳಿಯುತ್ತೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುವಂತೆ, ಎಳೆಗಳು ಪಕ್ಕದಲ್ಲಿ ಹಾದುಹೋಗುವ ಧೂಳನ್ನು ಸೆಳೆದು ಹಿಡಿಯುತ್ತವೆ.

ಹೀಗೆ ಚಾರ್ಜ್ ಹಿಡಿದಿಡುವ ವಸ್ತುವಿಗೆ 'ಎಲೆಕ್ಟ್ರೆಟ್' ಎಂದು ಹೆಸರು. ತೈವಾನ್ ಮೂಲದ ಪೀಟರ್ ತ್ಸಾಯ್ ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದಲ್ಲಿ ಬಟ್ಟೆಗೆ ಚಾರ್ಜ್ ತುಂಬುವ ವಿಧಾನವನ್ನು ಬೆಳೆಸಿದರು. ಅದಕ್ಕೆ 1995ರಲ್ಲಿ ಪೇಟೆಂಟ್ ಸಿಕ್ಕಿತು.

ಒಗೆದರೆ ಏನಾಗುತ್ತೆ?

ಎನ್95 ಅಂದ್ರೆ ಪರೀಕ್ಷೆಯಲ್ಲಿ ಸುಮಾರು 0.3 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ 95% ತಡೆಯಬೇಕು, ಎಫ್‌ಎಫ್‌ಪಿ2ಗೆ 94%. ಈ ಸಾಮರ್ಥ್ಯದ ದೊಡ್ಡ ಪಾಲು ಚಾರ್ಜಿನದು. ಸೋಪು, ಡಿಟರ್ಜೆಂಟ್, ಸ್ಯಾನಿಟೈಸರಿನ ಆಲ್ಕೋಹಾಲ್ ಎಳೆಗಳ ಒಳಗೆ ಇಳಿದು ಚಾರ್ಜ್ ಅಳಿಸುತ್ತವೆ. ಬಟ್ಟೆ ಹರಿಯಲ್ಲ, ಬಣ್ಣ ಬದಲಾಗಲ್ಲ, ಹಾಗಾಗಿ ಹಾಕಿಕೊಂಡವರಿಗೆ ಗೊತ್ತೇ ಆಗಲ್ಲ.

ಕಲ್ಲು, ಕಾಂಕ್ರೀಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತೆ. ಅದನ್ನು ವಾಸಿ ಮಾಡುವ ಔಷಧ ಇಲ್ಲ.

ಗಮನದಲ್ಲಿರಲಿ

• ಮಾಸ್ಕಿನ ಮೇಲೆ 'ಎನ್‌ಆರ್' ಎಂಬ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಅದು ಒಂದೇ ಶಿಫ್ಟಿಗೆ.
• ಒಗೆಯಬೇಡಿ, ಸ್ಯಾನಿಟೈಸರ್ ಸಿಂಪಡಿಸಬೇಡಿ.
• ಬೆವರಿಗೆ ಒದ್ದೆಯಾದರೆ, ಉಸಿರು ಬಿಗಿಯಾದರೆ, ಪಟ್ಟಿ ಸಡಿಲವಾದರೆ ಬದಲಿಸಿ.
• ಊಟಕ್ಕೆ ತೆಗೆದಾಗ ಪೇಪರ್ ಕವರಿನಲ್ಲಿಡಿ.
• ಗಡ್ಡ ಇದ್ದರೆ ಅಂಚಿನಿಂದ ಧೂಳು ನುಗ್ಗುತ್ತೆ.
• ಪೇಂಟ್, ಥಿನ್ನರ್ ಆವಿಗೆ ಈ ಮಾಸ್ಕ್ ಸಾಲದು. ಅದಕ್ಕೆ ಬೇರೆ ಫಿಲ್ಟರ್ ಬೇಕು.

ಹೊಸ ಮಾಸ್ಕನ್ನು ಸೈಟಿನ ಸೇಫ್ಟಿ ಆಫೀಸರ್ ಹತ್ತಿರ ಕೇಳಿ ಪಡೆಯಿರಿ. ಹೆಲ್ಮೆಟ್, ಶೂ ಕೇಳಿದಷ್ಟೇ ಸಹಜವಾಗಿ ಇದನ್ನೂ ಕೇಳಬಹುದು.