‘ಅಸ್ತ್ರ’ ಮತ್ತು ಪುರ ಗ್ರಾಮ: ತಂತ್ರಜ್ಞರ ಸಾಮಾಜಿಕ ಹೊಣೆಯ ಒಂದು ಅಧ್ಯಾಯ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’, ಅಂದರೆ ವಿಜ್ಞಾನ–ತಂತ್ರಜ್ಞಾನಗಳನ್ನು ಹಳ್ಳಿಗಳ ಅಗತ್ಯಗಳಿಗೆ ಅನ್ವಯಿಸಲೆಂದು ರೂಪುಗೊಂಡ ಘಟಕವು, ತಂತ್ರಜ್ಞಾನವನ್ನು ರೂಪಿಸುವವರ ಸಾಮಾಜಿಕ ಹೊಣೆ ಏನೆಂಬ ಪ್ರಶ್ನೆಯನ್ನು ಕರ್ನಾಟಕದ ನೆಲದಲ್ಲಿಯೇ ಪರೀಕ್ಷೆಗೆ ಒಡ್ಡಿತು. ಅದರ ಮುಂದಾಳು ಅಮೂಲ್ಯ ಕುಮಾರ್ ಎನ್. ರೆಡ್ಡಿ (1930–2006) ಅವರು ವಿದ್ಯುತ್ತಿಗೂ ರಾಸಾಯನಿಕ ಕ್ರಿಯೆಗೂ ಇರುವ ಸಂಬಂಧವನ್ನು ಅಭ್ಯಸಿಸುವ ವಿದ್ಯುದ್ರಸಾಯನಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದಿದ್ದರೂ, ನಗರದ ಮೇಲ್ವರ್ಗಕ್ಕಷ್ಟೇ ಎಟಕುವ ತಂತ್ರಜ್ಞಾನವು ಅಸಮಾನತೆಯನ್ನು ಇನ್ನಷ್ಟು ಬೆಳೆಸುತ್ತದೆಂದು ಮನಗಂಡು ಗ್ರಾಮೀಣ ಬದುಕಿನ ಅಧ್ಯಯನಕ್ಕೆ ತಿರುಗಿದರು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರವನ್ನು ತೆರೆದ ತಂಡವು ಸುತ್ತಲಿನ ಹಳ್ಳಿಗಳಲ್ಲಿ ಇಂಧನದ ಬಳಕೆಯನ್ನು ಮನೆಮನೆಯಾಗಿ ಅಳೆದಾಗ, ಬಳಕೆಯಾಗುತ್ತಿದ್ದ ಶಕ್ತಿಯ ಬಹುಪಾಲು ಅಡುಗೆಯ ಸೌದೆಯಿಂದಲೇ ಬರುತ್ತಿತ್ತೆಂಬುದೂ, ಸೌದೆ ಆಯುವ ಹಾಗೂ ನೀರು ಹೊರುವ ದುಡಿಮೆ ಹೆಚ್ಚಾಗಿ ಹೆಂಗಸರ ಮತ್ತು ಮಕ್ಕಳ ಪಾಲಿಗೆ ಬಿದ್ದಿತ್ತೆಂಬುದೂ ಸ್ಪಷ್ಟವಾಯಿತು. ಈ ಅರಿವಿನಿಂದಲೇ ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಹೊಗೆಯನ್ನು ಕೊಳವೆಯ ಮೂಲಕ ಮನೆಯ ಹೊರಗೆ ಸಾಗಿಸುವ ‘ಅಸ್ತ್ರ ಒಲೆ’ ಮೂಡಿಬಂದಿತು. ಸೌದೆಯ ಉಳಿತಾಯದಷ್ಟೇ ಅಡುಗೆಯವಳ ಕಣ್ಣು ಮತ್ತು ಉಸಿರಿನ ರಕ್ಷಣೆಯೂ ಅದರ ವಿನ್ಯಾಸದ ಗುರಿಯಾಗಿತ್ತು.

ಇದಕ್ಕಿಂತ ಆಳವಾದ ಪಾಠವನ್ನು ಕಲಿಸಿದ್ದು ಉಂಗ್ರದ ಸಮೀಪದ ಪುರ ಗ್ರಾಮ. ದನಗಳ ಸಗಣಿಯಿಂದ ಅನಿಲವನ್ನು ಉತ್ಪಾದಿಸಿ ಊರಿನ ಎಲ್ಲ ಮನೆಗಳ ಅಡುಗೆಗೆ ಒದಗಿಸಬೇಕೆಂಬ ಉದ್ದೇಶದಿಂದ ಅಲ್ಲಿ ಸಾಮುದಾಯಿಕ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಲಾಯಿತಾದರೂ, ದೊರೆತ ಅನಿಲವು ಎಲ್ಲರ ಅಡುಗೆಗೆ ಸಾಲದೆ ಯೋಜನೆ ಹಿನ್ನಡೆ ಕಂಡಿತು. ಊರಿನವರೊಡನೆ ಮತ್ತೆ ಚರ್ಚಿಸಿದಾಗ ಅವರಿಗೆ ಮೊದಲು ಬೇಕಾಗಿದ್ದುದು ಶುದ್ಧವಾದ ಕುಡಿಯುವ ನೀರು ಎಂಬುದು ತಿಳಿದುಬಂದಿತು. ತಂಡವು ತನ್ನ ಮೂಲ ಯೋಜನೆಗೆ ಅಂಟಿಕೊಳ್ಳದೆ, ಅದೇ ಅನಿಲವನ್ನು ಡೀಸೆಲ್ ಜೊತೆಗೆ ಉರಿಸುವ ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸಿ, 1987ರಿಂದ ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ತಲುಪಿಸಿತು. ಸಗಣಿ ತಂದುಕೊಟ್ಟವರಿಗೆ ತೂಕಕ್ಕೆ ತಕ್ಕ ಹಣ ಸಲ್ಲುತ್ತಿತ್ತು. ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡವು ಗೊಬ್ಬರವಾಗಿ ಅವರ ಹೊಲಗಳಿಗೇ ಮರಳುತ್ತಿತ್ತು. ಸ್ಥಾವರವನ್ನು ನಡೆಸುವ ಕೆಲಸವನ್ನು ಊರಿನ ಯುವಕರೇ ಕಲಿತರು.

ಯಂತ್ರವು ಕೆಟ್ಟರೆ ಸರಿಪಡಿಸುವವರು ಯಾರು, ಅದರ ಖರ್ಚನ್ನು ಹೊರುವವರು ಯಾರು, ಅದರಿಂದ ಯಾರ ಶ್ರಮ ಇಳಿಯುತ್ತದೆ ಎಂಬ ಪ್ರಶ್ನೆಗಳನ್ನು ವಿನ್ಯಾಸದ ಒಳಗೇ ಸೇರಿಸಿದ್ದು ಪುರದ ಪ್ರಯೋಗದ ನಿಜವಾದ ಕೊಡುಗೆ. ಸಾರ್ವಜನಿಕ ಹಿತಕ್ಕಾಗಿ ದುಡಿಯುವ ತಂತ್ರಜ್ಞನು ತನ್ನ ಜಾಣ್ಮೆಯನ್ನು ಎಷ್ಟು ನಂಬುತ್ತಾನೋ ಅಷ್ಟೇ ಶ್ರದ್ಧೆಯಿಂದ ಬಳಸುವವರ ತೀರ್ಮಾನವನ್ನೂ ಗೌರವಿಸಬೇಕು. ಆ ಗೌರವವಿಲ್ಲದ ಕಡೆ ಉತ್ತಮ ಸಾಧನವೂ ಜನರ ಪಾಲಿಗೆ ಪರಕೀಯವಾಗಿಯೇ ಉಳಿಯುತ್ತದೆ.